ಪಂಚಮಿ ಉಂಡಿಯ ಮೇಲೆ ಹೊರಿಸಿದ ತಪ್ಪು

ಅಕ್ಕಾ, ಆ ಪಂಚಮಿಯ ದಿನ ನನ್ನ ಮಗಳ ಉಸಿರು ಕಟ್ಟಿಸಿದ್ದು ನಿನ್ನ ಶೇಂಗಾ ಉಂಡಿಯಲ್ಲ. ಕಾರ್ಖಾನೆಯಿಂದ ನಾನು ಕದ್ದುಮುಚ್ಚಿ ತಂದ, ತಲೆಗೆ ಹಾಕುವ ಗಾಳಿ ಹುಡ್. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಡಾಕ್ಟರ ಮುಂದೆ ನಿನ್ನ ಉಂಡಿಯ ಹೆಸರು ಹೇಳಿದೆ — ಹೇಳಿ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ತಪ್ಪು ಒಪ್ಪಿಕೊಳ್ಳಲು ಕೂತರೂ ನನ್ನ ಬಾಯಿಗೆ ಮೊದಲು ಬರುವುದು ಜಂಬದ ಮಾತೇ. ನಿನಗೆ ನನ್ನ ಸ್ವಭಾವ ಗೊತ್ತಿದೆ. ಹುಮನಾಬಾದಿನ ಔಷಧ ಕಾರ್ಖಾನೆಯಲ್ಲಿ ಪುಡಿ ತುಂಬುವ ವಿಭಾಗಕ್ಕೆ ನನ್ನನ್ನು ಆರಿಸಿದಾಗ, ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಎದೆ ಉಬ್ಬಿಸಿಕೊಂಡು ಓಡಾಡಿದವನು ನಾನು. ಗಂಟಲು ನೋವಿಗೆ, ಜ್ವರಕ್ಕೆ ಕೊಡುವ ಮಾತ್ರೆಗಳ ಪುಡಿ ಅದು. ಕಾಯಿಲೆಯವರಿಗೆ ಔಷಧ, ದಿನವೂ ಉಸಿರಲ್ಲಿ ಎಳೆದುಕೊಂಡರೆ ವಿಷ. ಅದಕ್ಕೇ ನಮಗೆ ಗಾಳಿ ಹುಡ್ ಕೊಟ್ಟಿದ್ದರು. ಸೊಂಟಕ್ಕೆ ಕಟ್ಟಿದ ಸಣ್ಣ ಮೋಟಾರು ಗಾಳಿ ಎಳೆದು, ಫಿಲ್ಟರಿನಲ್ಲಿ ಸೋಸಿ, ಬೆನ್ನ ಮೇಲಿನ ಕೊಳವೆಯಿಂದ ಹುಡ್ ಒಳಗೆ ಬಿಡುತ್ತದೆ. ಮುಖದ ಮುಂದೆ ಪಾರದರ್ಶಕ ಹಾಳೆ, ಕುತ್ತಿಗೆಗೆ ನೆರಿಗೆ ಬಟ್ಟೆ. ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡ ದಿನ ಚಂದ್ರನ ಮೇಲೆ ಇಳಿಯುವವನು ನಾನೇ ಅನ್ನಿಸಿತ್ತು. ನೀನು ಹುಲಸೂರಿನಿಂದ ಫೋನಿನಲ್ಲಿ ನಕ್ಕಿದ್ದೆ: "ಅದೆಂಥಾದ್ದೋ ಮಲ್ಲು, ಒಮ್ಮೆ ನನಗ್ ತೋರ್ಸು." ತೋರಿಸುತ್ತೇನೆ ಅಂದೆ. ಅಲ್ಲಿಂದಲೇ ಶುರುವಾಯಿತು ಇದೆಲ್ಲ.

ನಿಯಮ ಗೊತ್ತಿರಲಿಲ್ಲ ಅನ್ನಲಾರೆ. ಕೆಲಸ ಮುಗಿದ ಮೇಲೆ, ಮೋಟಾರು ನಡೆಯುತ್ತಿರುವಾಗಲೇ ಹುಡ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪುಡಿಯೆಲ್ಲ ತೆಗೆದು, ಆಮೇಲೆ ತಲೆಯಿಂದ ಬಿಚ್ಚಬೇಕು. ಬಿಚ್ಚಿದ್ದು ಆ ಕೋಣೆಯಲ್ಲೇ ಉಳಿಯಬೇಕು, ಗೇಟು ದಾಟಿ ಹೊರಗೆ ಬರಕೂಡದು. ಕಲಿಸಿದವರು ಇದನ್ನು ಸಾಕು ಸಾಕೆನ್ನುವಷ್ಟು ಸಲ ಹೇಳಿದ್ದರು. ಆದರೆ ಪಂಚಮಿಗೆ ನೀನು ತವರಿಗೆ ಬಂದಿದ್ದೆ, ನನಗೆ ಬಸ್ಸು ಹಿಡಿಯುವ ಅವಸರ. ಒರೆಸುವುದನ್ನು ಬಿಟ್ಟೆ. ಹುಡ್ಡು, ಕೊಳವೆ, ಮೋಟಾರು ಎಲ್ಲವನ್ನೂ ಚೀಲಕ್ಕೆ ತುರುಕಿ, ಮೇಲೊಂದು ಟವೆಲು ಹೊದಿಸಿ ತಂದುಬಿಟ್ಟೆ. ರಜೆ ಮುಗಿದ ಕೂಡಲೇ ಯಾರಿಗೂ ಕಾಣದಂತೆ ವಾಪಸು ಇಟ್ಟುಬಿಟ್ಟರಾಯಿತು ಅಂದುಕೊಂಡಿದ್ದೆ.

ನೆನಪಿದೆಯಲ್ಲ, ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದೆವು. ಓಣಿಯವರೆಲ್ಲ ಸೇರಿದ್ದರು, ಪಕ್ಕದ ಮನೆಯ ಚಾಂದಬೀ ಚಾಚಿ ಕೂಡ. ನಾನು ಹುಡ್ ಹಾಕಿಕೊಂಡು ಮೆರೆದೆ. ಭಾಗ್ಯಶ್ರೀ ಆಗ ಎಷ್ಟು ಸಣ್ಣವಳೆಂದರೆ, ನಿನ್ನ ಸೊಂಟದಿಂದ ಇಳಿಯಲು ಒಪ್ಪದ ವಯಸ್ಸು. "ನನಗ, ನನಗ" ಅಂತ ಅತ್ತಳು. ಅವಳ ತಲೆಗೆ ಹಾಕಿ ಮೋಟಾರು ಚಾಲು ಮಾಡಿದೆ. ಒಳಗೆ ಕೂದಲು ಹಾರಾಡಿ, ಅವಳು ಕೇಕೆ ಹಾಕಿ ನಕ್ಕು — ನನಗೆ ಲೋಕವೇ ಗೆದ್ದಷ್ಟು ಹೆಮ್ಮೆ. ಆಮೇಲೆ ನೀನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಂಡಿ ಮುರಿದು ತಿನ್ನಿಸಿದೆ. ಸ್ವಲ್ಪ ಹೊತ್ತಿಗೆ ತುಟಿ ಊದಿತು, ಎದೆಯಲ್ಲಿ ಸುಂಯ್ ಅನ್ನುವ ಸದ್ದು. ನೀನು ಅವಳನ್ನು ಎತ್ತಿಕೊಂಡು ಬರಿಗಾಲಲ್ಲೇ ಆಸ್ಪತ್ರೆಗೆ ಓಡಿದೆ. ನಾನು ನಿನ್ನ ಹಿಂದೆ ಓಡಿದೆ.

ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿದಾಗ ಕುತ್ತಿಗೆಯ ಮೇಲೆ ಬಿಳಿ ಗೆರೆ ಕಾಣಿಸಿತು. ಹುಡ್ಡಿನ ನೆರಿಗೆಯಲ್ಲಿ ಕೂತಿದ್ದ ಪುಡಿ. ದಿನವೂ ನೋಡುವ ಪುಡಿ ನನಗೆ ಗೊತ್ತಾಗದೆ ಇರುತ್ತದೆಯೇ? ಡಾಕ್ಟರು ಬರುವ ಮೊದಲೇ ಹೆಬ್ಬೆರಳಿನಿಂದ ಅದನ್ನು ಒರೆಸಿದೆ. ಹೌದು ಅಕ್ಕಾ, ಒರೆಸಿದೆ.

"ಏನ್ ತಿಂದಾಳ್ರಿ ಕೂಸು? ಏನರೆ ಮುಟ್ಟ್ಯಾಳೇನ್ರಿ?" ಅಂತ ಡಾಕ್ಟರು ಕೇಳಿದರು.

"ಶೇಂಗಾ ಉಂಡಿ ತಿಂದಾಳ್ರಿ," ಅಂದೆ. "ನಮ್ಮ ಅಕ್ಕ ತಿನ್ನಿಸ್ಯಾಳ್ರಿ."

ಸೂಜಿ ಚುಚ್ಚಿದರು, ಮಗು ಉಳಿಯಿತು. ಹೊರಗೆ, ಹಿಂದೆಯೇ ಬಂದಿದ್ದ ಓಣಿಯವರ ಎದುರಿಗೇ ಸುನಂದಾ ನಿನಗೆ ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ಅಕ್ಕೋರೆ, ನಿಮ್ಮ ಕೈಲೆ ನನ್ನ ಮಗಳಿಗಿ ಇನ್ನ ಏನೂ ಬ್ಯಾಡ್ರಿ." ಹೆಂಡತಿಯನ್ನು ದೂರಲಾರೆ, ಅವಳು ನನ್ನ ಮಾತು ನಂಬಿದಳು. ನೀನು ಮಾತ್ರ ಅಳಲಿಲ್ಲ, ಕೈ ಮುಗಿಯಲಿಲ್ಲ. "ನಾ ಏನ್ ಹಾಕಿ ಕಟ್ಟೀನಿ ನನಗ ಗೊತ್ತದ," ಅಂದೆ, ಅಷ್ಟೇ. ಸೆರಗು ಸರಿಮಾಡಿಕೊಂಡು, ನೆಟ್ಟಗೆ ನಡೆದು, ಹುಲಸೂರ ಬಸ್ಸು ಹತ್ತಿದೆ. ಆಮೇಲೆ ಒಂದು ಪಂಚಮಿಗೂ ಬರಲಿಲ್ಲ. ಮದುವೆ ಮುಂಜಿಗಳಲ್ಲಿ ಸಿಕ್ಕರೂ ನಮ್ಮ ಮನೆಯವರ ಅಡುಗೆಯ ಕಡೆ ತಿರುಗಿ ನೋಡಲಿಲ್ಲ. ನನ್ನ ಅಕ್ಕನಿಗೆ ಎಷ್ಟು ಗಟ್ಟಿ ಬೆನ್ನು ಅಂತ ಒಳಗೊಳಗೆ ಹೆಮ್ಮೆಪಟ್ಟಿದ್ದೇನೆ. ನಾಚಿಕೆಗೆಟ್ಟವನು — ಆ ಬೆನ್ನಿನ ಮೇಲೆ ಭಾರ ಹೊರಿಸಿದವನೇ ನಾನು.

ನೌಕರಿ ಹೋದೀತೆಂಬ ಭಯ ಇತ್ತು. ಆದರೆ ಅದು ಒಂದು ವರ್ಷದ ಮಾತು, ಎರಡು ವರ್ಷದ ಮಾತು. ಆಮೇಲೆ ಉಳಿದದ್ದು ಬರೀ ನನ್ನ ಜಂಬ. ಈಗ ಹೊಸಬರಿಗೆ ಹುಡ್ ಬಗ್ಗೆ ಕಲಿಸುವವನು ನಾನೇ. ಒಳಗೆ ಹೋಗುವ ಮೊದಲು ಗಾಳಿಯ ರಭಸ ಅಳೆದು ನೋಡು, ಬ್ಯಾಟರಿ ನೋಡು, ಫಿಲ್ಟರು ನೋಡು. ಸೆಕೆಯಾಯಿತೆಂದು ಒಳಗೆ ಹುಡ್ ಎತ್ತಬೇಡ. ಒರೆಸದೆ ಬಿಚ್ಚಬೇಡ. ನನ್ನ ಕೈಕೆಳಗೆ ಕಲಿತ ಒಬ್ಬನ ಎದೆಗೂ ಪುಡಿ ಇಳಿದಿಲ್ಲ, ಒಂದು ಹುಡ್ಡೂ ಗೇಟು ದಾಟಿಲ್ಲ. ಈ ಹೆಮ್ಮೆ ಸುಳ್ಳಲ್ಲ, ಬಿಡಲೂ ಆರೆ. ಹುಡುಗರು "ಮಾವ ಬಂದ, ಒರಸ್ರೆಪಾ" ಅಂತ ಚೇಷ್ಟೆ ಮಾಡುತ್ತಾರೆ. ಇಷ್ಟು ಕಟ್ಟುನಿಟ್ಟು ಎಲ್ಲಿಂದ ಬಂತು ಅಂತ ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಭಾಗ್ಯಶ್ರೀಗೆ ಜ್ವರ ಬಂದಾಗಲೆಲ್ಲ ನಾನೇ ಜೊತೆಗೆ ಹೋಗಿ, ಆ ಪುಡಿಯ ಔಷಧ ಇವಳಿಗೆ ಆಗಿಬರುವುದಿಲ್ಲ ಅಂತ ಡಾಕ್ಟರ ಕಿವಿಯಲ್ಲಿ ಹೇಳಿ ಬರುತ್ತಿದ್ದೆ. ಮಗಳನ್ನು ಕಾಯಲು ಬಾಯಿ ಇತ್ತು, ನಿನಗಾಗಿ ಇರಲಿಲ್ಲ. ಮೊನ್ನೆ ಅವಳು ಕಾಲೇಜಿನಿಂದ ಬರುವಾಗ ಗಂಟಲು ನೋವೆಂದು ಒಬ್ಬಳೇ ತೋರಿಸಿಕೊಂಡು ಬಂದಳು. ಏನಾದರೂ ಒಗ್ಗುವುದಿಲ್ಲವೇ ಅಂತ ಡಾಕ್ಟರು ಕೇಳಿದರಂತೆ. ಶೇಂಗಾ ಒಂದೇ ಅಂದಳಂತೆ. ಮನೆಯಲ್ಲಿ ನೀರಿನ ಲೋಟ ಹಿಡಿದು ಮಾತ್ರೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಪೊಟ್ಟಣದ ಮೇಲಿನ ಹೆಸರು ನನಗೆ ಕಂಡಿತು. ನಾವೇ ತುಂಬುವ ಪುಡಿ. ಕೈಮೇಲೆ ಹೊಡೆದು ಬೀಳಿಸಿದೆ.

"ಅಪ್ಪಾ, ಇದು ನನಗ ಆಗಂಗಿಲ್ಲಂತ ನಿನಗ ಹ್ಯಾಂಗ ಗೊತ್ತು?"

ಸುಳ್ಳು ಹುಡುಕಿದೆ, ಸಿಗಲಿಲ್ಲ. ಅವಳಿಗೂ ಸುನಂದಾಗೂ ಅಲ್ಲೇ ಎಲ್ಲ ಹೇಳಿದೆ. ಆಮೇಲೆ ಕಲಬುರಗಿಯ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದೆವು. ಅವಳಿಗೆ ಒಗ್ಗದಿರುವುದು ಆ ಪುಡಿಯೇ. ಶೇಂಗಾ ಏನೂ ಮಾಡುವುದಿಲ್ಲ.

ಕಾರ್ಖಾನೆಯಲ್ಲೂ ಹೇಳಿದ್ದೇನೆ. ಹೊಸಬರ ಮುಂದೆ ನಿಂತು, ಹುಡ್ ಕೈಯಲ್ಲಿ ಹಿಡಿದು. ಸಾಹೇಬರು ಏನು ಮಾಡುತ್ತಾರೋ ಮಾಡಲಿ. ನಮ್ಮ ಓಣಿಯಲ್ಲಿ ಮನೆಮನೆಗೆ ಹೋಗಿ ಹೇಳಿದೆ. ಚಾಂದಬೀ ಚಾಚಿ ಎದ್ದು ನಿಂತು ನನ್ನ ಮುಖವನ್ನೇ ನೋಡಿದಳು. "ಅಕ್ಕನ ತವರು ನುಂಗಿದೆಲ್ಲೋ ಮಲ್ಲು," ಅಂದಳು. ನಾನು ತಲೆ ತಗ್ಗಿಸಿ ಬಂದೆ.

ಈ ಭಾನುವಾರ ಹುಲಸೂರಿಗೆ ಬರುತ್ತೇನೆ. ಪಂಚಮಿಗೆ ಕರೆಯಲು ಅಲ್ಲ, ಕರೆಯುವ ಬಾಯಿ ನನಗೆಲ್ಲಿದೆ. ಭಾಗ್ಯಶ್ರೀ ತಾನೂ ಬರುತ್ತೇನೆ ಅಂದಳು. ಬೇಡ ಅಂದೆ. ಅವಳ ಮುಖ ಕಂಡರೆ ನೀನು ನನ್ನನ್ನು ಅಲ್ಲೇ ಕ್ಷಮಿಸಿಬಿಡುತ್ತೀ. ಒಬ್ಬನೇ ಬರುತ್ತೇನೆ, ಅಕ್ಕಾ.