ಒಂದು ನಿಮಿಷದ ಲೋಕಲ್ ಆಟಗಾರ

ಕೋವಿಡ್ ಗಲಾಟೆ ಮುಗಿದು ಎರಡನೆಯ ವರ್ಷ. ಹರವೆಯ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾಗಿದ್ದ ನನ್ನನ್ನು ನಮ್ಮ ಭಾಗದ ಫುಟ್‌ಬಾಲ್ ಲೀಗ್‌ಗೆ ಗೌರವ ಕಾರ್ಯದರ್ಶಿಯಾಗಿ ಕೂರಿಸಿದರು. ಗೌರವ ಎಂದರೆ ಸಂಬಳವಿಲ್ಲ, ಬೈಗುಳಕ್ಕೆ ಮಾತ್ರ ಕೊರತೆಯಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಆರು ತಂಡಗಳು, ಭಾನುವಾರದ ಪಂದ್ಯಗಳು.

ಕೇರಳದಲ್ಲಿ ತಂಡಕ್ಕೆ ಏಳೇ ಜನ ಆಡುವ ‘ಸೆವೆನ್ಸ್’ ಪಂದ್ಯಗಳಿಗೆ ಆಫ್ರಿಕಾದಿಂದಲೂ ಆಟಗಾರರನ್ನು ಕರೆಸುತ್ತಾರೆ. ಅಲ್ಲಿ ಪಂದ್ಯವಿಲ್ಲದ ದಿನ ಅವರು ಗಡಿ ದಾಟಿ ಗುಂಡ್ಲುಪೇಟೆ ತಂಡಕ್ಕೆ ಬರತೊಡಗಿದರು. ಜೊತೆಗೆ ಮಲಯಾಳಿ ಹುಡುಗರೂ ಬಂದರು. ಕೊನೆಗೆ ಆ ತಂಡದಲ್ಲಿ ಊರಿನವನು ಅಂತ ಉಳಿದದ್ದು ಗೋಲ್‌ಕೀಪರ್ ಒಬ್ಬನೇ. ಉಳಿದ ತಂಡಗಳು ಬೊಬ್ಬೆ ಹೊಡೆದವು. ನಾನು ಕೂತು ನಿಯಮ ಬರೆದೆ: ‘ಆರಂಭದ ಹನ್ನೊಂದು ಮಂದಿ ಆಟಗಾರರಲ್ಲಿ ಹೊರಗಿನವರು ಮೂವರಿಗಿಂತ ಹೆಚ್ಚಿರತಕ್ಕದ್ದಲ್ಲ.’ ‘ಆರಂಭದ’ ಎಂದು ಯಾಕೆ ಬರೆದೆ ಎಂದರೆ, ನಮ್ಮಲ್ಲಿ ಟೇಬಲ್ ಹಾಕಿ ಆಧಾರ್ ಕಾರ್ಡು, ಪಾಸ್‌ಪೋರ್ಟು ನೋಡುವುದು ಆಟಕ್ಕೆ ಮುಂಚೆ ಮಾತ್ರ. ನೋಡುವವನ ಅನುಕೂಲಕ್ಕೆ ಬರೆದ ನಿಯಮ ಅದು. ನೋಡುವವನು ನಾನೇ. ಸಭೆಯಲ್ಲಿ ಚಪ್ಪಾಳೆ ಬಿತ್ತು, ನನಗೂ ಎದೆ ಉಬ್ಬಿತು.

ಉಬ್ಬಿದ ಎದೆ ಮೊದಲ ಭಾನುವಾರವೇ ಇಳಿಯಿತು. ಗುಂಡ್ಲುಪೇಟೆ ತಂಡ ಸರಿಯಾಗಿ ಎಂಟು ಜನ ಲೋಕಲ್ ಹುಡುಗರನ್ನು ನಿಲ್ಲಿಸಿತು. ರೆಫರಿ ವಿಶಲ್ ಊದಿದ. ಒಬ್ಬ ಹುಡುಗ ಚೆಂಡನ್ನು ಬೇಕೆಂತಲೇ ಗೆರೆಯಾಚೆ ಒದ್ದ. ಆಟ ನಿಂತದ್ದೇ ತಡ, ಮೂವರು ಲೋಕಲ್ ಹುಡುಗರು ಹೊರಗೆ, ಬೆಂಚಿನಿಂದ ಹೊರಗಿನ ಮೂವರು ಒಳಗೆ. ಒಂದು ನಿಮಿಷವೂ ಆಗಿರಲಿಲ್ಲ. ಒಮ್ಮೆ ಹೊರಬಂದವನು ಆ ಪಂದ್ಯದಲ್ಲಿ ಮತ್ತೆ ಆಡುವಂತಿಲ್ಲ. ನಾನು ನಿಯಮದ ಹಾಳೆ ತೆಗೆದು ಎರಡು ಸಲ ಓದಿದೆ. ತಪ್ಪು ಹುಡುಕಲು ಏನೂ ಇರಲಿಲ್ಲ.

ಹಾಗೆ ಪ್ರತಿ ಭಾನುವಾರ ಹೊರಬರುತ್ತಿದ್ದವರಲ್ಲಿ ಒಬ್ಬ ಸಿದ್ದರಾಜು, ನನ್ನದೇ ವಿದ್ಯಾರ್ಥಿ. ಹರವೆಯವನು, ವಯಸ್ಸು ಇಪ್ಪತ್ತೆರಡು. ವಾರವೆಲ್ಲ ಗುಂಡ್ಲುಪೇಟೆ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಲೋಡ್ ಮಾಡುವನು. ಬಲಗಡೆಯ ಡಿಫೆಂಡರ್. ಜಿಲ್ಲಾ ತಂಡಕ್ಕೆ ಸೇರಬೇಕು, ಆ ಸರ್ಟಿಫಿಕೇಟ್ ಇಟ್ಟುಕೊಂಡು ಕ್ರೀಡಾ ಕೋಟಾದಲ್ಲಿ ಒಂದು ಕೆಲಸ ಹಿಡಿಯಬೇಕು ಎಂಬುದು ಅವನ ಲೆಕ್ಕ. ಅದಕ್ಕೆ ಆಯ್ಕೆಗಾರರ ಕಣ್ಣಿಗೆ ಬೀಳಬೇಕಲ್ಲ!

ಒಂದು ಭಾನುವಾರ ಅವನ ತಾಯಿ ಹರವೆಯಿಂದ ಬಸ್ಸು ಹತ್ತಿ ಬಂದರು. ಮೈದಾನ ಸೇರುವಾಗ ಆಟ ಶುರುವಾಗಿ ಐದು ನಿಮಿಷ ಆಗಿತ್ತು. ನೇರ ನನ್ನ ಟೇಬಲ್ ಹತ್ತಿರ ಬಂದು ಕೇಳಿದರು:

“ನಮ್ ಸಿದ್ದ ಯಾವಾಗ ಆಡದು ಸಾ?”

“ಆಡಿ ಆಯ್ತು ಕಣಮ್ಮ,” ಎಂದೆ.

ಆಕೆ ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕರು. ನನಗೆ ನಾಚಿಕೆಯಾಯಿತು. ಆ ಸಂಜೆ ಸಿದ್ದರಾಜು ಬಂದು ನಿಂತ.

“ಆ ರೂಲ್ ತಗುದ್ಬುಡಿ ಸಾ. ಬೆಂಚಲ್ಲೇ ಕೂತಿದ್ರೆ ಮರ್ವಾದಿ ಆದ್ರೂ ಇರ್ತಿತ್ತು. ಎಲ್ರ ಮುಂದ ನಿಂತ್ಕಂಡು ವಾಪಸ್ ಬರದು ಇದ್ಯಲ್ಲ, ಅದ ತಡಿಯಕಾಗಲ್ಲ.”

ನಿಯಮ ತಿದ್ದಲು ಸಭೆ ಕರೆದೆ. ಲೋಕಲ್ ಆಟಗಾರ ಕನಿಷ್ಠ ಅರ್ಧ ಹೊತ್ತಾದರೂ ಮೈದಾನದಲ್ಲಿರಲಿ ಎಂದೆ. ಅಷ್ಟರಲ್ಲಿ ಬೊಬ್ಬೆ ಹೊಡೆದಿದ್ದ ತಂಡಗಳೂ ಇದೇ ಉಪಾಯ ಕಲಿತಿದ್ದವು. ಆರು ತಂಡಗಳಲ್ಲಿ ಒಂದೂ ಕೈ ಎತ್ತಲಿಲ್ಲ.

ಸಿದ್ದರಾಜು ಜಾಗಕ್ಕೆ ಒಳಗೆ ಬರುತ್ತಿದ್ದವನು ಘಾನಾ ದೇಶದ ಇಮ್ಯಾನುಯೆಲ್. ಹುಡುಗರ ಬಾಯಲ್ಲಿ ಇಮ್ಮಣ್ಣ. ಅರ್ಧ ಮಲಯಾಳ, ಕಾಲು ಕನ್ನಡ ಬೆರೆಸಿ ಮಾತಾಡುವನು. ಪಂದ್ಯಕ್ಕೆ ಒಂದು ದಿನ ಮುಂಚೆಯೇ ಬಂದು, ಮೂಟೆ ಕೆಲಸ ಮುಗಿಸಿದ ಸಿದ್ದರಾಜುವನ್ನು ಮೈದಾನಕ್ಕೆಳೆದು, ಎದುರಾಳಿಯನ್ನು ಹೇಗೆ ತಡೆಯಬೇಕೆಂದು ತೋರಿಸುತ್ತಿದ್ದ. ನಮ್ಮ ಲೀಗ್‌ನಲ್ಲಿ ಲೋಕಲ್ ಹುಡುಗನಿಗೆ ಆಟ ಕಲಿಸಿದ್ದು ಅವನೊಬ್ಬನೇ. ನಾನು ಮಿತಿ ಹಾಕಿದ್ದು ಅವನಂಥವರಿಗೆ.

ಸೆಮಿಫೈನಲ್ ದಿನ ಜಿಲ್ಲಾ ಆಯ್ಕೆಗಾರರು ಬಂದು ನನ್ನ ಪಕ್ಕ ಕೂತರು. ಎಂದಿನಂತೆ ವಿಶಲ್, ಎಂದಿನಂತೆ ಚೆಂಡು ಹೊರಗೆ. ಬೆಂಚಿನಿಂದ ಇಬ್ಬರು ಎದ್ದರು. ಇಮ್ಮಣ್ಣ ಏಳಲಿಲ್ಲ. ಬಗ್ಗಿ ಬೂಟಿನ ಲೇಸು ಬಿಚ್ಚಿ, ಬೂಟು ಪಕ್ಕಕ್ಕಿಟ್ಟು ಹೇಳಿದ:

“ಕಾಲು ನೋವು. ಸಿದ್ದು ಆಡ್ಲಿ.”

ತಂಡದ ಅಧ್ಯಕ್ಷ ಪುಟ್ಟಬಸಪ್ಪ ತರಕಾರಿ ಮಂಡಿಯ ಯಜಮಾನ. “ಎದ್ದೇಳ್ಲಾ ಮ್ಯಾಕ್ಕ!” ಎಂದು ಕೂಗಿದ ಕೂಗು ಹೆದ್ದಾರಿಗೆ ಕೇಳಿಸಿರಬೇಕು. ಬೆಂಚಿನಲ್ಲಿ ಬೇರೆ ಹೊರಗಿನವರು ಯಾರೂ ಇರಲಿಲ್ಲ. ಸಿದ್ದರಾಜು ಒಳಗೇ ಉಳಿದ.

ಮೊದಲರ್ಧ ಚೆನ್ನಾಗಿಯೇ ಆಡಿದ. ಆಯ್ಕೆಗಾರರು ಒಮ್ಮೆ ನನ್ನ ಕಡೆ ತಿರುಗಿ, “ಯಾರು ಈ ಹುಡುಗ?” ಎಂದರು. ಹೆಸರು, ಊರು ಎರಡೂ ಹೇಳಿದೆ. ಆದರೆ ಎರಡನೆಯರ್ಧ ಸಾಗುತ್ತಿದ್ದಂತೆ ಅವನ ಓಟ ಕುಂಟತೊಡಗಿತು. ಎಪ್ಪತ್ತನೆಯ ನಿಮಿಷ ದಾಟಿತ್ತು. ಎದುರಾಳಿ ಅವನ ಪಕ್ಕದಿಂದಲೇ ಚೆಂಡು ತಳ್ಳಿಕೊಂಡು ಹೋದ. ಇವನು ತಿರುಗಿದ, ಎರಡು ಹೆಜ್ಜೆ ಇಟ್ಟ, ಮೀನಖಂಡ ಹಿಡಿದುಕೊಂಡು ಕುಸಿದ. ಗೋಲು. ಪಂದ್ಯ ಅದೊಂದರಲ್ಲೇ ಹೋಯಿತು.

“ನೋಡುದ್ರಾ ಮೇಷ್ಟ್ರೇ, ನಿಮ್ ಲೋಕಲ್ಲು?” ಎಂದು ಪುಟ್ಟಬಸಪ್ಪ ಎಲ್ಲರೆದುರು ಕೇಳಿದ. ಆಯ್ಕೆಗಾರರ ಪಟ್ಟಿಯಲ್ಲಿ ಸಿದ್ದರಾಜು ಹೆಸರು ಬರಲಿಲ್ಲ. ಎರಡು ದಿನ ಕಳೆದು ಪುಟ್ಟಬಸಪ್ಪನ ದೂರು ಬಂತು: ಕರೆದಾಗ ಆಟಕ್ಕಿಳಿಯದ ಆಟಗಾರನನ್ನು ಲೀಗ್‌ನಿಂದ ಕೈಬಿಡಬೇಕು. ಅಂಥದ್ದೊಂದು ನಿಯಮ ಇತ್ತು, ಅದನ್ನು ಬರೆದವನೂ ನಾನೇ. ಇಮ್ಮಣ್ಣನನ್ನು ಕೈಬಿಟ್ಟ ಪತ್ರಕ್ಕೆ ಸಹಿ ಹಾಕಿದೆ. ಆ ಸಹಿಯ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ, ನನ್ನ ಮೇಲೆಯೇ.

ಲೀಗ್‌ಗಳಲ್ಲಿ ಹೊರಗಿನ ಆಟಗಾರರಿಗೆ ಮಿತಿ ಇರಬೇಕೇ ಎಂದು ಈಗಲೂ ಕೇಳುವವರಿದ್ದಾರೆ. ಇರಲಿ ಎನ್ನುತ್ತೇನೆ. ಆದರೆ ಹೊರಗಿನವರು ಎಷ್ಟು ಜನ ಎಂದು ಎಣಿಸುವ ಮೊದಲು ನಮ್ಮವರು ಎಷ್ಟು ಹೊತ್ತು ಆಡುತ್ತಾರೆ ಎಂದು ಎಣಿಸಿ. ನಾನು ಅದನ್ನು ಮಾಡಲಿಲ್ಲ, ಮಾಡಿದ್ದರೆ ನಿಯಮವನ್ನು ಬೇರೆ ಥರ ಬರೆಯುತ್ತಿದ್ದೆ. ಇದನ್ನು ನನಗೆ ಕಲಿಸಿದ್ದು ಸಿದ್ದರಾಜು. ಸೋತ ಮೇಲೆ ಅವನು ಮೈದಾನದ ಅಂಚಿನಲ್ಲಿ ಕಾಲು ನೀವಿಕೊಳ್ಳುತ್ತ ಕೂತಿದ್ದ. ಏನಾಯಿತಪ್ಪಾ ಎಂದು ಪಕ್ಕದಲ್ಲಿ ಕುಕ್ಕರಿಸಿದೆ.

“ಎಪ್ಪತ್ ನಿಮಿಷ ಆಡುದ್ರ ಕಾಲು ಹೆಂಗಿರ್ತದ ಅಂತ ನಂಗ ಗೊತ್ತೇ ಇರ್ನಿಲ್ಲ ಸಾ,” ಎಂದ.