ಬದಲಿ ಆಳು

ನಮ್ಮ ಅಪ್ಪ ಯಂಕಂಚಿಯಲ್ಲಿ ಟಪಾಲು, ಪಾರ್ಸಲ್ಲು ಹಂಚುತ್ತಿದ್ದ. ಊರವರ ಕಣ್ಣಿಗೆ ಅದು ಸರ್ಕಾರಿ ನೌಕರಿ. ಆದರೆ ಖಾಕಿ ಬಟ್ಟೆ, ಪಗಾರದ ರಜೆ, ಪಿಂಚಣಿ ಎಲ್ಲ ಖಾಯಂ ಆದವರಿಗೆ. ಅಪ್ಪನಿಗೆ ಕೊಟ್ಟದ್ದು ಒಂದು ಚೀಲ. ಸೈಕಲ್ಲೂ ಅವನದೇ. ರಜೆ ಬೇಕೆಂದರೆ ತಾನೇ ಒಬ್ಬ ಬದಲಿ ಆಳನ್ನು ಹುಡುಕಿ ನಿಲ್ಲಿಸಬೇಕು. ಆ ಪುಡಿಗಾಸಿಗೆ ಹೊಲ ಬಿಟ್ಟು ಯಾರು ಬರುತ್ತಾರೆ?

ಅವ್ವನ ತವರು ಇಂಡಿ ಕಡೆಯ ಅಗರಖೇಡ. ಪಂಚಮಿಗೆ ನನ್ನನ್ನು ಕಟ್ಟಿಕೊಂಡು ಒಬ್ಬಳೇ ಹೋಗುತ್ತಿದ್ದಳು. ಗಂಡನ ಪಕ್ಕ ಒಂದೇ ಸೀಟಿನಲ್ಲಿ ಕೂತು ಹೋಗಿ ತವರಿನಲ್ಲಿ ಇಳಿಯಬೇಕು, ಅವಳ ಆಸೆ ಅಷ್ಟೇ. "ಖಾಯಂ ಆಗ್ಲಿ ತಡಿ, ಇಬ್ರೂ ಕೂಡೇ ಹೋಗೂನು" ಎಂದು ಅಪ್ಪ ಹೇಳುತ್ತಲೇ ಇದ್ದ. ಅಷ್ಟರಲ್ಲಿ ಅಗರಖೇಡದಲ್ಲಿ ಬೇರೆ ಮಾತು ಹುಟ್ಟಿತ್ತು. "ಅಳಿಯಂದ್ರು ಒಮ್ಮೆರೆ ಬರಂಗಿಲ್ಲಲ್ಲಾ. ಎತ್ತು ಏರಿಗಿ, ಕೋಣ ನೀರಿಗಿ ಅನ್ನೂಹಂಗ ನಡದೈತೇನು?" ಎಂದು ಅವ್ವನ ಅಪ್ಪ ಎಲ್ಲರೆದುರು ಕೇಳಿಬಿಟ್ಟ.

ಮರುವರ್ಷ ಅವ್ವನ ತಮ್ಮನ ಮದುವೆ ಬಂತು. ಎಷ್ಟು ಹುಡುಕಿದರೂ ಬದಲಿ ಆಳು ಸಿಗಲಿಲ್ಲ. ಅವ್ವ ಸೊಂಟಕ್ಕೆ ಸೆರಗು ಸಿಗಿಸಿದಳು.

"ನೀವ ಹೋಗಿ ಅಕ್ಕಿಕಾಳ ಹಾಕಿ ಬರ್ರಿ. ಟಪಾಲ ನಾ ಹಂಚ್ತೇನಿ. ಹೆಸರ ಓದಾಕ ನನಗೂ ಬರ್ತೈತಿ."

"ನಿನ್ನ ತಮ್ಮನ ಲಗ್ನಕ್ಕ ನಾ ಒಬ್ಬನ ಹೋಗ್ಲೆ? ಮಂದಿ ನಗ್ತಾರ."

"ನಗ್ಲಿ. ಜಗಳಾಡ್ಯಾರ ಅನ್ನೂದರ ತಪ್ಪತೈತಿ."

ಊರಿನ ಪೋಸ್ಟ್ ಮಾಸ್ತರರು ಗೊಣಗುತ್ತಲೇ ಒಪ್ಪಿದರು. ಮದುವೆಯ ದಿನ ಚೀಲ ಹೊತ್ತ ಅವ್ವನ ಹಿಂದೆ ನಾನೂ ಹೋದೆ. ಅಂದು ಬಂದದ್ದು ಒಂದೇ ಪಾರ್ಸಲ್ಲು, ಸೋಲಾಪುರದ ಅಣ್ಣನೊಬ್ಬ ನಮ್ಮೂರಿನ ತಂಗಿಗೆ ಕಳಿಸಿದ ಸೀರೆ. ಆಕೆ ಅಲ್ಲೇ ಹೊಲಿಗೆ ಬಿಚ್ಚಿ ತೋರಿಸಿದಳು. ಅವ್ವ ಸೀರೆಯ ದಡಿ ಸವರುತ್ತ, "ಈಗ ಅಕ್ಕಿಕಾಳ ಬೀಳಾಕತ್ತಿರಬೇಕು" ಎಂದಳು. ನನಗೆ ಅಪ್ಪನ ಮೇಲೆ, ಆ ನೌಕರಿಯ ಮೇಲೆ ಕೆಟ್ಟ ಸಿಟ್ಟು ಬಂತು.

ಮರುದಿನ ಅಪ್ಪ ಹೋಳಿಗೆ ಬುತ್ತಿ ಹಿಡಿದು ಬಂದ.

"ಏನಂದ್ರು?" ಎಂದಳು ಅವ್ವ.

"ಮಗಳ್ಯಾಕ ಬರ್ಲಿಲ್ಲ, ಜಗಳಾ ಆಡೀರೇನು ಅಂದ್ರು."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಅವ್ವ ಮಾತ್ರ ಆ ಹೋಳಿಗೆ ಮುಟ್ಟಲಿಲ್ಲ.

ನಾನು ಸಿಂದಗಿಯಲ್ಲಿ ಸಾಲಿ ಕಲಿಸುವ ಹೊತ್ತಿಗೂ ಅಪ್ಪ ಖಾಯಂ ಆಗಿರಲಿಲ್ಲ. ಮದುವೆಯಾದ ಮೊದಲ ಪಂಚಮಿಗೆ ನಾನೂ ನನ್ನ ಗಂಡನೂ ರಜೆ ಹಾಕಿ ಊರಿಗೆ ಬಂದೆವು. ಬಸ್ಸಿನ ಬಾಗಿಲಲ್ಲೇ ಅವ್ವ ನಿಂತಿದ್ದಳು. "ಇಬ್ರೂ ಕೂಡೇ ಬಂದ್ರೆಲ್ಲವಾ!" ಎಂದು ನನ್ನ ಕೆನ್ನೆ ಸವರಿದಳು. ಅಪ್ಪ ಅದೇ ಬಸ್ಸಿನಿಂದ ಪಾರ್ಸಲ್ ಚೀಲ ಇಳಿಸಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

ಈಗ ಇಬ್ಬರೂ ಇಲ್ಲ. ಸಿಂದಗಿ ಸ್ಟ್ಯಾಂಡಿನಲ್ಲಿ ಇಂಡಿ ಬಸ್ಸು ಬಂದು ನಿಂತರೆ ಸಾಕು, ಕಿಟಕಿಯಿಂದ ಟವೆಲ್ ಹಾಕಿ ಇಬ್ಬರಿಗೆ ಜಾಗ ಹಿಡಿಯಬೇಕೆನಿಸುತ್ತದೆ.