ಅಕ್ಕನ ಬದಲು ಗಿಟಾರ್ ನುಡಿಸಿದ ಭಾನುವಾರ

ನಾನು ಚಿಕ್ಕವಳಿದ್ದಾಗ ಯಾರು ಏನೇ ಹೇಳಲಿ, ನನ್ನ ಬಾಯಿಂದ ಮೊದಲು ಬರುತ್ತಿದ್ದ ಮಾತು ಒಂದೇ: ಅದಕ್ಕೆ ಆಧಾರ ಏನು? ಹಾಲು ಕುಡಿದರೆ ನಿದ್ದೆ ಬರುತ್ತದೆ ಎಂದು ಅಮ್ಮ ಹೇಳಿದರೆ, ಹಾಲು ಕುಡಿದ ಬೆಕ್ಕು ರಾತ್ರಿಯಿಡೀ ಯಾಕೆ ಓಡಾಡುತ್ತದೆ ಎಂದು ಕೇಳುತ್ತಿದ್ದೆ. ಶಾಲೆಯ ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುವಾಗ ಒಂದೇ ವಿಷಯದ ಮೇಲೆ ಮೊದಲು ಪರವಾಗಿ, ಆಮೇಲೆ ವಿರೋಧವಾಗಿ ಮಾತಾಡಿಸುತ್ತಿದ್ದರು. ಹನ್ನೊಂದು ವರ್ಷದ ಹುಡುಗಿಗೆ ಅದರಿಂದ ಆದ ಲಾಭವೇನೆಂದರೆ, ಯಾವ ಕಡೆ ನಿಂತರೂ ತಾನೇ ಗೆಲ್ಲಬಹುದು ಎಂಬ ಭ್ರಮೆ.

ಆಗ ನಾವು ವಡೋದರದ ಹೊರಗೆ, ಕೊಯಾಲಿಯ ಹತ್ತಿರದ ಟೌನ್‌ಶಿಪ್ಪಿನಲ್ಲಿದ್ದೆವು. ಅಪ್ಪ ರಿಫೈನರಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದರು. ಮನೆಯೊಳಗೆ ಧಾರವಾಡದ ಮಾತು, ಬಾಗಿಲು ದಾಟಿದರೆ ಗುಜರಾತಿ, ಶಾಲೆಯಲ್ಲಿ ಹಿಂದಿ ಮತ್ತು ಇಂಗ್ಲಿಷ್. ಸಂಜೆಯಾದರೆ ಎತ್ತರದ ಚಿಮಣಿಯ ತುದಿಯಲ್ಲಿ ಉರಿಯುವ ಬೆಂಕಿಯಿಂದ ನಮ್ಮ ಅಡುಗೆಮನೆಯ ಗೋಡೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಗಾಳಿ ನಮ್ಮ ಕಡೆ ಬೀಸಿದ ದಿನ ಸೀಮೆಎಣ್ಣೆಯಂಥ ವಾಸನೆ ಬರುತ್ತಿತ್ತು. ಆ ದಿನ ಅಮ್ಮ ಹಪ್ಪಳ ಒಣಹಾಕುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಸ್ಟೀಲ್ ಗಿಟಾರ್ ಇತ್ತು. ಮಕ್ಕಳೇ, ನೀವು ನೋಡಿರುವ ಗಿಟಾರಿನ ಹಾಗೆ ಅದನ್ನು ಎದೆಗೆ ಅಪ್ಪಿಕೊಂಡು ನುಡಿಸುವುದಲ್ಲ. ಮಗುವನ್ನು ಮಲಗಿಸಿಕೊಂಡ ಹಾಗೆ ಮಡಿಲಲ್ಲಿ ಅಡ್ಡ ಮಲಗಿಸಿಕೊಳ್ಳಬೇಕು. ತಂತಿಗಳು ಮರದಿಂದ ಒಂದು ಬೆರಳಿನಷ್ಟು ಮೇಲೆ ನಿಂತಿರುತ್ತವೆ. ಎಡಗೈಯಲ್ಲಿ ಉಕ್ಕಿನ ದುಂಡು ತುಂಡೊಂದನ್ನು ಹಿಡಿದು, ಒತ್ತದೆ, ತಂತಿಯ ಮೇಲೆ ಜಾರಿಸಬೇಕು. ಬಲಗೈ ಮೀಟುತ್ತದೆ. ಉಕ್ಕು ಎಲ್ಲಿ ನಿಂತಿತೋ ಅಲ್ಲಿಯ ಸ್ವರ. ಕೂದಲೆಳೆಯಷ್ಟು ಆಚೆ ನಿಂತರೂ ಅಪಸ್ವರ. ಎಲ್ಲಿ ನಿಲ್ಲಬೇಕೆಂದು ತೋರಿಸಲು ಕೆಳಗೆ ಮರದ ಮೇಲೆ ಗೆರೆಗಳಿದ್ದವು.

ಟೌನ್‌ಶಿಪ್ಪಿನವರೆಲ್ಲ ಆ ವಾದ್ಯದಲ್ಲಿ ಕೇಳಬಯಸುತ್ತಿದ್ದದ್ದು ಒಂದೇ ಒಂದು ಟ್ಯೂನ್. ರೇಡಿಯೋದಲ್ಲಿ ಕಾರ್ಯಕ್ರಮ ಬೇಗ ಮುಗಿದು, ವಾರ್ತೆಗೆ ಇನ್ನೂ ಎರಡು ನಿಮಿಷ ಉಳಿದರೆ ಅದನ್ನು ಹಾಕುತ್ತಿದ್ದರು. ಹಾಡಿಲ್ಲ, ಮಾತಿಲ್ಲ, ಬರೀ ವಾದ್ಯ. ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ‘ವಾರ್ತೆಗೆ ಮುಂಚಿನದು’ ಎನ್ನುತ್ತಿದ್ದೆವು. ಹೆಸರು ಗೊತ್ತಿಲ್ಲದಿದ್ದರೂ ಪ್ರತಿಯೊಬ್ಬರಿಗೂ ಅದು ಬಾಯಿಪಾಠ. ಆದ್ದರಿಂದಲೇ ನುಡಿಸುವವರಿಗೆ ಭಯ. ಎಲ್ಲರಿಗೂ ಗೊತ್ತಿರುವುದನ್ನು ತಪ್ಪಾಗಿ ನುಡಿಸಿದರೆ ಬಚ್ಚಿಟ್ಟುಕೊಳ್ಳಲು ಜಾಗವೇ ಇರುವುದಿಲ್ಲ.

ಗಿಟಾರ್ ನಮ್ಮದಲ್ಲ, ಟೌನ್‌ಶಿಪ್ಪಿನ ಕ್ಲಬ್ಬಿನದು. ಬೀರುವಿನಲ್ಲಿಟ್ಟರೆ ಹಾಳಾಗುತ್ತದೆ, ನುಡಿಸುವವರ ಮನೆಯಲ್ಲಿದ್ದರೆ ಬದುಕುತ್ತದೆ ಎಂದು ಕ್ಲಬ್ಬಿನ ಹಿರಿಯರು ಒಂದು ಪದ್ಧತಿ ಮಾಡಿದ್ದರು. ವರ್ಷಕ್ಕೊಂದು ಭಾನುವಾರ, ಬೇಕೆನ್ನುವ ಪ್ರತಿ ಮನೆಯಿಂದ ಒಬ್ಬರು ಬಂದು ಆ ಟ್ಯೂನ್ ನುಡಿಸಬೇಕು. ಯಾರು ಚೆನ್ನಾಗಿ ನುಡಿಸಿದರೋ ಅವರ ಮನೆಗೆ ಮುಂದಿನ ಒಂದು ವರ್ಷ ಗಿಟಾರ್. ಎರಡು ವರ್ಷ ಅಕ್ಕ ಅದನ್ನು ಉಳಿಸಿಕೊಂಡಿದ್ದಳು. ಅವಳಿಗೆ ಆಗ ಹದಿನಾರು. ಬೆಳಗ್ಗೆ ಹಲ್ಲುಜ್ಜುವ ಮೊದಲೇ ಅದನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು. ಅವಳ ಎಡಗೈಗೆ ಯಾವಾಗಲೂ ಉಕ್ಕಿನ ವಾಸನೆ.

ಆ ಎಡಗೈಯನ್ನು ಮುರಿದವಳು ನಾನು.

ಆ ವರ್ಷದ ಸ್ಪರ್ಧೆಯ ಭಾನುವಾರಕ್ಕೆ ಮೂರು ವಾರ ಇರುವಾಗ, ಸಂಜೆ ತರಕಾರಿ ತರಲು ಇಬ್ಬರೂ ಸೈಕಲ್ಲಿನಲ್ಲಿ ಹೊರಟಿದ್ದೆವು. ಅಕ್ಕ ತುಳಿಯುತ್ತಿದ್ದಳು, ನಾನು ಹಿಂದೆ ಕ್ಯಾರಿಯರ್ ಮೇಲೆ. ಗಿಟಾರಿನಲ್ಲಿ ಗೆರೆ ನೋಡಿ ನುಡಿಸಬಾರದು, ಕಿವಿಯಿಂದ ನುಡಿಸಬೇಕು ಎಂದು ಅವಳು ಹೇಳಿದಳು. ಹಾಗಾದರೆ ಗೆರೆ ಯಾಕೆ ಹಾಕಿದ್ದಾರೆ ಎಂದು ನಾನು ಕೇಳಿದೆ. ಅವಳು ಇನ್ನೂ ಜೋರಾಗಿ ತುಳಿದಳು. ಎದುರಾಳಿ ಸುಮ್ಮನಾದಾಗ ಅವರ ಮುಖ ನೋಡಬೇಕು ಎಂದು ಚರ್ಚೆಯ ಟೀಚರ್ ಹೇಳಿಕೊಟ್ಟಿದ್ದರು. ಅಕ್ಕ ಸೋತಿದ್ದಾಳೋ ಇಲ್ಲವೋ ನೋಡಲು ನಾನು ಪಕ್ಕಕ್ಕೆ ಬಾಗಿದೆ. ಸೈಕಲ್ಲೂ ಬಾಗಿತು. ಅಕ್ಕ ನನ್ನನ್ನು ಹಿಡಿಯಲು ಹೋಗಿ ಎಡಗೈ ಊರಿ ಬಿದ್ದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು.

ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಎರಡು ದಿನ ಬಿಟ್ಟು ಅಪ್ಪ ಊಟದ ಹೊತ್ತಿಗೆ ಇಷ್ಟೇ ಕೇಳಿದರು: “ನೀ ನುಡಸ್ತೀಯೇನು, ಅಕ್ಕನ ಬದಲಿ?” ಹೂಂ ಎಂದೆ. ಅದೊಂದಕ್ಕೆ ಆಧಾರ ಕೇಳಲಿಲ್ಲ.

ಹೀಗೆ ನನ್ನ ಕಲಿಕೆ ಶುರುವಾಯಿತು. ಗಿಟಾರನ್ನು ಮಡಿಲಲ್ಲಿ ಇಟ್ಟುಕೊಂಡರೆ ನನ್ನ ಕಾಲು ಜೋಮು ಹಿಡಿಯುತ್ತಿತ್ತು. ನಾನೊಂದು ಉಪಾಯ ಕಂಡುಹಿಡಿದೆ. ಅದನ್ನು ಮಂಚದ ಮೇಲೆ ಮಲಗಿಸಿ, ಪಕ್ಕದಲ್ಲಿ ಮಂಡಿಯೂರಿ, ತಲೆಯನ್ನು ಗೆರೆಗಳ ನೇರ ಮೇಲೆ ತಂದು ನೋಡುತ್ತಾ ನುಡಿಸುವುದು. ಟ್ಯೂನನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಅಂಕಿಗಳಾಗಿ ಬರೆದುಕೊಂಡೆ: ಐದನೇ ಗೆರೆ, ಏಳು, ಮತ್ತೆ ಐದು, ಕೊನೆಗೆ ಉದ್ದಕ್ಕೆ ಜಾರಿ ಹನ್ನೆರಡು. ಉಕ್ಕನ್ನು ಸರಿಯಾಗಿ ಗೆರೆಯ ಮೇಲೆ ನಿಲ್ಲಿಸಿದರೆ ಸ್ವರ ಸರಿಯಾಗಿಯೇ ಬರುತ್ತಿತ್ತು. ಅಕ್ಕ ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೇಳುತ್ತಿದ್ದಳು. “ಮಡಿಲಾಗ ಇಟ್ಕೊ” ಎಂದು ದಿನವೂ ಹೇಳುತ್ತಿದ್ದಳು. ಬರುವ ಸದ್ದು ಎರಡು ಕಡೆಯೂ ಒಂದೇ, ಎಲ್ಲಿಟ್ಟರೇನು ಎಂದು ನಾನು ದಿನವೂ ವಾದಿಸುತ್ತಿದ್ದೆ. ಮೂರನೇ ವಾರ ಅವಳು ಹೇಳುವುದನ್ನು ಬಿಟ್ಟಳು. ನಾನು ಗೆದ್ದೆ ಅಂದುಕೊಂಡೆ.

ಆ ಭಾನುವಾರ ಬೆಳಗ್ಗೆ ಕ್ಲಬ್ಬಿನ ಹಾಲಿನಲ್ಲಿ ನೆಲಕ್ಕೆ ಜಮಖಾನ ಹಾಸಿದ್ದರು. ಫಿನಾಯಿಲ್ ವಾಸನೆಯ ಜೊತೆ ಹಿಂದಿನ ಬಾಗಿಲಿನಿಂದ ಕಡಲೆಹಿಟ್ಟಿನ ಫಾಫಡಾ ಕರಿಯುವ ವಾಸನೆ ಬರುತ್ತಿತ್ತು. ನೋಡಲು ಬಂದವರು ನೂರು ಜನ ಇದ್ದಿರಬಹುದು. ಹೆದರಿದವಳ ಲೆಕ್ಕ, ನಂಬಬೇಡಿ. ನುಡಿಸುವವರು ಇಬ್ಬರೇ: ನಾನು ಮತ್ತು ಎ ಬ್ಲಾಕಿನ ಆಂಟಿ. ಎರಡು ವರ್ಷವೂ ಅಕ್ಕನ ಎದುರು ಸೋತು, ಎರಡು ವರ್ಷವೂ ಅಕ್ಕನ ಬೆನ್ನು ತಟ್ಟಿ ಹೋಗಿದ್ದವರು ಅವರು. ಕ್ಲಬ್ಬಿನ ಅಧ್ಯಕ್ಷರಾಗಿದ್ದ ಬಿಳಿ ಮೀಸೆಯ ಕಾಕಾ ನನ್ನ ಹೆಸರು ಕರೆದು ಕುರ್ಚಿ ತೋರಿಸಿದರು.

ಕಬ್ಬಿಣದ ಮಡಚುವ ಕುರ್ಚಿ ಅದು. ಕೂತರೆ ನನ್ನ ಪಾದ ನೆಲಕ್ಕೆ ಮುಟ್ಟಲಿಲ್ಲ. ಗಿಟಾರ್ ಮಡಿಲಿಗೆ ಬಂತು. ಉಕ್ಕನ್ನು ಐದನೇ ಗೆರೆಯ ಮೇಲೆ ನಿಲ್ಲಿಸಿ ಮೀಟಿದೆ.

ಸ್ವರ ಕಹಿಯಾಗಿತ್ತು. ಉಕ್ಕು ಗೆರೆಯ ಮೇಲೆಯೇ ಇದೆ, ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದೆ, ಆದರೆ ಸ್ವರ ಬೇಕಾದ್ದಕ್ಕಿಂತ ಮೇಲಕ್ಕೆ ಹೋಗಿದೆ. ಏಳಕ್ಕೆ ಜಾರಿದೆ. ಅದೂ ಹಾಗೆಯೇ. ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕರು. ನಾಲ್ಕನೇ ಸ್ವರಕ್ಕೆ ನನ್ನ ಕೈ ನಿಂತುಹೋಯಿತು. ಗೋಡೆಗೆ ಒರಗಿ ನಿಂತಿದ್ದ ಅಪ್ಪ ನೆಲ ನೋಡುತ್ತಿದ್ದರು. ಅಕ್ಕನ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಆಗ ಹೊಳೆಯಿತು. ಮನೆಯಲ್ಲಿ ನನ್ನ ಕಣ್ಣು ಗೆರೆಗಳ ನೇರ ಮೇಲಿರುತ್ತಿತ್ತು. ಇಲ್ಲಿ ಮಡಿಲಲ್ಲಿಟ್ಟುಕೊಂಡು ಬಲಗಡೆಯಿಂದ ಓರೆಯಾಗಿ ನೋಡುತ್ತಿದ್ದೇನೆ. ತಂತಿ ಮೇಲಿದೆ, ಗೆರೆ ಕೆಳಗಿದೆ. ಓರೆಯಾಗಿ ನೋಡಿದರೆ ಎರಡೂ ಕೂಡಿದಂತೆ ಕಾಣುತ್ತವೆ, ಕೂಡಿರುವುದಿಲ್ಲ. ಮೂರು ವಾರ ನಾನು ಕಲಿತದ್ದು ಟ್ಯೂನನ್ನಲ್ಲ, ನಮ್ಮ ಮನೆಯ ಮಂಚವನ್ನು.

ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಎದ್ದು ನಿಂತು ವಾದಕ್ಕೆ ಇಳಿದೆ. ಗೋಡೆಯ ಮೇಲೆ ಅಂಟಿಸಿರುವ ನಿಯಮದಲ್ಲಿ ಟ್ಯೂನ್ ಪೂರ್ತಿ ನುಡಿಸಬೇಕು ಎಂದಿದೆ, ಎಷ್ಟು ಸಲ ಶುರು ಮಾಡಬಹುದು ಎಂದಿಲ್ಲ ಅಂದೆ. ಪೂರ್ತಿ ಆಗದೇ ಇರುವುದರಿಂದ ನಾನು ಇನ್ನೂ ನುಡಿಸಿಯೇ ಇಲ್ಲ ಅಂದೆ. ನನಗೊಂದು ಬೆಂಚು ಬೇಕು, ಗಿಟಾರನ್ನು ಅದರ ಮೇಲಿಟ್ಟು ಮಂಡಿಯೂರಿ ನುಡಿಸುತ್ತೇನೆ ಎಂದೂ ಕೇಳಿದೆ. ಹಿಂದಿಯಲ್ಲಿ ಶುರುವಾದ ನನ್ನ ಮಾತು ಕೊನೆಗೆ ಯಾವ ಭಾಷೆಯಲ್ಲಿತ್ತೋ ನೆನಪಿಲ್ಲ. ಕಾಕಾ ಪಕ್ಕದವರ ಕಡೆ ತಿರುಗಿ, “ಆ ತೋ ವಕೀಲ್ ಥಶೇ” ಎಂದರು. ಇವಳು ವಕೀಲೆ ಆಗುತ್ತಾಳೆ ಎಂದು. ಎಲ್ಲರೂ ನಕ್ಕರು. ಮತ್ತೆ ಶುರು ಮಾಡಲು ಬಿಟ್ಟರು. ಬೆಂಚು ಮಾತ್ರ ಕೊಡಲಿಲ್ಲ. ಕುರ್ಚಿ ಎಲ್ಲರಿಗೂ ಒಂದೇ, “ನಿಯಮ್ ಏಟಲೇ ನಿಯಮ್”, ನಿಯಮವೆಂದರೆ ನಿಯಮ, ಎಂದು ಕೈಕಟ್ಟಿ ಕೂತರು.

ವಾದದಲ್ಲಿ ಗೆದ್ದಿದ್ದೆ. ಮತ್ತೆ ಅದೇ ಕುರ್ಚಿ, ಅದೇ ಓರೆ ನೋಟ. ಗೆದ್ದದ್ದರಿಂದ ಸಿಕ್ಕಿದ್ದು ಎರಡನೇ ಸಲ ಸೋಲುವ ಅವಕಾಶ ಮಾತ್ರ. ಕೈ ಬೆವರಿ ಉಕ್ಕು ಜಾರುತ್ತಿತ್ತು. ಲಂಗಕ್ಕೆ ಒರೆಸಿಕೊಂಡೆ.

ಅಷ್ಟರಲ್ಲಿ ಅಕ್ಕ ಎದ್ದಳು. ಪ್ಲಾಸ್ಟರಿನ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಬಂದು, ನನ್ನೆದುರು ಜಮಖಾನದ ಮೇಲೆ ಕೂತಳು. ಅವಳ ದನಿ ನನಗೊಬ್ಬಳಿಗೇ ಕೇಳುವಷ್ಟಿತ್ತು.

“ಗೆರಿ ಬಿಡು. ನನ್ನ ಮಾರಿ ನೋಡು.”

ನಾನು ಅವಳ ಮುಖ ನೋಡುತ್ತಾ ಮೀಟಿದೆ. ಅವಳ ಹುಬ್ಬು ಗಂಟಿಕ್ಕಿತು. ಉಕ್ಕನ್ನು ತುಸು ಎಡಕ್ಕೆ ಜಾರಿಸಿದೆ. ಗಂಟು ಸಡಿಲವಾಯಿತು. ಮುಂದಿನ ಸ್ವರ. ಮತ್ತೆ ಗಂಟು, ಮತ್ತೆ ಜಾರಿಸಿದೆ, ಮತ್ತೆ ಸಡಿಲ. ಕತ್ತಲಲ್ಲಿ ಗೋಡೆ ಸವರಿಕೊಂಡು ನಡೆದ ಹಾಗೆ ಒಂದೊಂದೇ ಸ್ವರವನ್ನು ಹುಡುಕಿಕೊಂಡು ಹೋದೆ. ಟ್ಯೂನ್ ರೇಡಿಯೋದಲ್ಲಿ ಬರುವುದಕ್ಕಿಂತ ಎರಡು ಪಟ್ಟು ನಿಧಾನವಾಗಿತ್ತು. ಆದರೆ ಹಾಲಿನಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಹಿಂದೆ ಯಾರೋ ಸಣ್ಣಗೆ ಗುನುಗುವುದೂ ಕೇಳಿಸಿತು.

ಕೊನೆಯ ಜಾರು ಉಳಿದಿತ್ತು. ಮೇಲಿನ ಸಣ್ಣ ತಂತಿಯ ಮೇಲೆ ಹನ್ನೆರಡನೇ ಗೆರೆಯವರೆಗೆ, ಎಲ್ಲಕ್ಕಿಂತ ಉದ್ದದ್ದು. ಅಲ್ಲಿ ತಪ್ಪಿದರೆ ಹಿಂದಿನದೆಲ್ಲ ವ್ಯರ್ಥ. ಕೆಳಗಿನ ದಪ್ಪ ತಂತಿಯನ್ನು ಬಿಡಿಯಾಗಿ ಮೀಟಿ, ಅದು ಮೊಳಗುತ್ತಿರುವಾಗ ಮೇಲಿನದನ್ನು ಜಾರಿಸಬೇಕು. ಮೀಟಿದೆ, ಅಕ್ಕನ ಕಡೆ ನೋಡಿದೆ.

ಅಕ್ಕ ತಲೆ ತಗ್ಗಿಸಿಬಿಟ್ಟಿದ್ದಳು. ಮುಖ ಕಾಣುತ್ತಿರಲಿಲ್ಲ. ಬೈತಲೆ ಮಾತ್ರ.

ಕೂಗಿ ಕರೆಯುವ ಹಾಗಿಲ್ಲ. ಕೈ ಆಗಲೇ ಜಾರುತ್ತಿತ್ತು. ನೋಡಲು ಏನೂ ಉಳಿಯದೇ ಹೋದಾಗ, ಮೊದಲ ಸಲ ನನಗೆ ಕೇಳಿಸಿತು. ದಪ್ಪ ತಂತಿಗೂ ಸಣ್ಣ ತಂತಿಗೂ ನಡುವೆ ಒಂದು ನಡುಕವಿತ್ತು, ಜ್ವರ ಬಂದವರ ಹಲ್ಲಿನ ಹಾಗೆ. ಮೇಲೆ ಹೋದಂತೆ ನಡುಕ ನಿಧಾನವಾಯಿತು. ಇನ್ನೂ ನಿಧಾನ. ಮತ್ತೊಂದು ಎಳೆಯಷ್ಟು ಸರಿಸಿದೆ. ನಿಂತಿತು. ಎರಡು ತಂತಿ ಸೇರಿ ಒಂದೇ ಸದ್ದಾಯಿತು. ಅದು ಸರಿ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾನು ಬದುಕಿನುದ್ದಕ್ಕೂ ಕೇಳುತ್ತಿದ್ದ ಆಧಾರ ನನ್ನ ಬೆರಳಿನ ಕೆಳಗೇ ಇತ್ತು.

ಆಮೇಲೆ ಎ ಬ್ಲಾಕಿನ ಆಂಟಿ ನುಡಿಸಿದರು. ಅವರು ಕುರ್ಚಿಯನ್ನೂ ನೋಡಲಿಲ್ಲ, ಗೆರೆಯನ್ನೂ ನೋಡಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಶುರುಮಾಡಿದರೆ, ವಾರ್ತೆ ಇನ್ನೇನು ಬರುತ್ತದೆ ಎನ್ನಿಸುವ ಹಾಗಿತ್ತು. ಕಾಕಾ ತೀರ್ಪು ಹೇಳುವ ಮೊದಲೇ ಎಲ್ಲರಿಗೂ ಗೊತ್ತಾಗಿತ್ತು. ನನಗೂ. ಅದರ ವಿರುದ್ಧ ಒಂದೇ ಒಂದು ಅಂಶವೂ ನನ್ನ ತಲೆಗೆ ಬರಲಿಲ್ಲ. ತೀರ್ಪಾದ ಮೇಲೆ ಅಕ್ಕ ಗಿಟಾರಿನ ಮೇಲಿನ ಬೆವರನ್ನು ದಾವಣಿಯ ಅಂಚಿನಿಂದ ಒರೆಸಿ, ಒಂದೇ ಕೈಯಲ್ಲಿ ಅದನ್ನು ಎತ್ತಿ ಆಂಟಿಯ ಮಡಿಲಲ್ಲಿ ಇಟ್ಟಳು.

ಮನೆಗೆ ನಡೆದು ಬರುವಾಗ ಅಪ್ಪ ಮುಂದೆ, ನಾವಿಬ್ಬರು ಹಿಂದೆ. ಹಗುರಾದ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ನೀರಿನ ಟ್ಯಾಂಕಿನ ತಿರುವಿನಲ್ಲಿ, ಮೂರು ವಾರದಿಂದ ಹೇಳದೇ ಉಳಿದಿದ್ದ ಮಾತನ್ನು ಹೇಳಿದೆ.

“ಅಕ್ಕಾ, ನಂದ ತಪ್ಪು.”

“ಯಾವದು? ಸೈಕಲ್ಲೋ, ಗೆರೀನೋ?”

“ಎರಡೂ.”

ಅಕ್ಕ ಪ್ಲಾಸ್ಟರಿನ ಕೈಯನ್ನು ಸರಿಮಾಡಿಕೊಂಡಳು. ಆಮೇಲೆ, “ಕಡೀದು ಬರೋಬ್ಬರಿ ಇತ್ತು” ಎಂದಳು. ತಲೆ ಯಾಕೆ ತಗ್ಗಿಸಿದೆ ಎಂದು ನಾನು ಕೇಳಲಿಲ್ಲ. ನನ್ನನ್ನು ಒಬ್ಬಳನ್ನೇ ಬಿಡಬೇಕೆಂದೋ, ಅಳು ಬಂದಿತ್ತೋ, ಇವತ್ತಿಗೂ ಗೊತ್ತಿಲ್ಲ. ಅವಳು ಈಗ ಸೂರತ್‌ನಲ್ಲಿ ಇದ್ದಾಳೆ, ನೀವು ಫೋನ್ ಮಾಡಿ ಕೇಳಬಹುದು. ಸೈಕಲ್ಲಿನ ವಿಷಯದಲ್ಲಿ ಅವಳ ಸಾಕ್ಷಿ ನನಗಿಂತ ಕಟುವಾಗಿರುತ್ತದೆ, ಅಷ್ಟು ಎಚ್ಚರ.

ಈಗ ಈ ಸ್ಯಾಟಲೈಟ್ ಬಡಾವಣೆಯ ಫ್ಲ್ಯಾಟಿನಲ್ಲಿ ನಿಮಗೆ ಒಬ್ಬೊಬ್ಬರಿಗೆ ಒಂದೊಂದು ಗಿಟಾರ್ ಇದೆ. ಯಾರೂ ಬಂದು ಒಯ್ಯುವುದಿಲ್ಲ. ಯಾವ ಟ್ಯೂನ್ ಬೇಕಾದರೂ ಹೆಸರಿನ ಸಮೇತ ಬೆರಳ ತುದಿಯಲ್ಲಿ ಸಿಗುತ್ತದೆ. ಶ್ರುತಿ ಮಾಡುವಾಗ ಫೋನನ್ನು ಎದುರಿಗಿಟ್ಟುಕೊಳ್ಳುತ್ತೀರಿ, ಸರಿಯಾದರೆ ಹಸಿರು, ತಪ್ಪಿದರೆ ಕೆಂಪು. ಆ ಫೋನು ಸುಳ್ಳು ಹೇಳುತ್ತದೆ ಎಂದು ನಾನು ವಾದಿಸುವುದಿಲ್ಲ. ಪರೀಕ್ಷಿಸಿ ನೋಡಿದ್ದೇನೆ, ನನ್ನ ಕಿವಿಗಿಂತ ಅದೇ ನಿಖರ. ನಮ್ಮ ಕಾಲವೇ ಚೆನ್ನಾಗಿತ್ತು ಎಂದೂ ಹೇಳಲಾರೆ. ಇಡೀ ಟೌನ್‌ಶಿಪ್ಪಿಗೆ ಒಂದೇ ಗಿಟಾರ್ ಇರುವುದರಲ್ಲಿ ಹೆಚ್ಚುಗಾರಿಕೆ ಏನಿದೆ?

ಆದರೆ ಹಸಿರು ದೀಪಕ್ಕೆ ನೀವು ಗೆದ್ದರೂ ಸೋತರೂ ಒಂದೇ. ನೀವು ತಪ್ಪಿದಾಗ ಅದಕ್ಕೆ ನೋಯುವುದಿಲ್ಲ. ಒಂದು ದಿನ ಫೋನನ್ನು ಒಳಗಿಟ್ಟು ನುಡಿಸಿ ನೋಡಿ. ನಾನು ಎದುರಿಗೆ ನೆಲದ ಮೇಲೆ ಕೂರುತ್ತೇನೆ. ಬಾಯಿ ಬಿಡುವುದಿಲ್ಲ. ಅದೊಂದು ನಂಬಲು ಕಷ್ಟ ಎಂದು ನನಗೂ ಗೊತ್ತು. ನಂಬಬೇಡಿ, ಬಂದು ನೋಡಿ.